ಜಾಹೀರಾತಿಗೆ ದುಡ್ಡು ಹಾಕದೆ ಸೋಲಾರ್ ಗಿರಾಕಿ ಹುಡುಕುವುದು ಹೇಗೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಇನ್‌ಸ್ಟಾಲರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಮನೆ ಮಾಳಿಗೆಯ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಏಣಿ, ಡ್ರಿಲ್, ಮೀಟರ್ ಎಲ್ಲಾ ಇದೆ. ಇಬ್ಬರು ಹುಡುಗರಿಗೆ ಕೆಲಸವೂ ಗೊತ್ತು. ಗಿರಾಕಿ ಮಾತ್ರ ಇಲ್ಲ. ನಮ್ಮ ಭಾಗದ ಸಣ್ಣ ಇನ್‌ಸ್ಟಾಲರ್‌ಗಳು ಸಿಕ್ಕಾಗಲೆಲ್ಲ ಇದೇ ಮಾತು.

ಇಲ್ಲಿವರೆಗೆ ಏನು ಮಾಡಿದಿರಿ ಅಂತ ಕೇಳಿದರೆ ಉತ್ತರವೂ ಬಹುತೇಕ ಒಂದೇ. ಪೇಪರ್ ಒಳಗೆ ಪಾಂಪ್ಲೆಟ್ ಇಡಿಸಿದೆ, ಆಟೋ ಹಿಂದೆ ಬ್ಯಾನರ್ ಕಟ್ಟಿಸಿದೆ, ಫೇಸ್‌ಬುಕ್‌ಗೆ ಒಂದಿಷ್ಟು ಸಾವಿರ ಸುರಿದೆ. ಫೋನ್ ಬಂದವು. "ಫ್ರೀ ಅಂತಲ್ರೀ, ಯಾವಾಗ ಹಾಕ್ತೀರಿ?" ಅಂತ ಕೇಳಿದವರೇ ಜಾಸ್ತಿ. ಇನ್ನುಳಿದವರು ರೇಟ್ ಕೇಳಿ ಫೋನ್ ಇಟ್ಟರು.

ತಪ್ಪು ಆಗುತ್ತಿರುವುದು ಕ್ರಮದಲ್ಲಿ. ಗೊತ್ತಿಲ್ಲದ ಸಾವಿರ ಜನರಿಗೆ ಮೊದಲು ಕೂಗಿ ಹೇಳುತ್ತೇವೆ. ಈಗಾಗಲೇ ಪ್ಯಾನೆಲ್ ಹಾಕಿಸಿಕೊಂಡ ಹತ್ತು ಮನೆಯನ್ನು ಮರೆಯುತ್ತೇವೆ. ಯಾರ ಮನೆಗೆ ಸೋಲಾರ್ ಬೇಕೋ ಯಾರಿಗೆ ಬೇಡವೋ ಅಂತ ಬಿಲ್ ನೋಡದೆ ಮಾಳಿಗೆ ಹತ್ತುತ್ತೇವೆ. ಕೆಳಗಿನ ಹಂತಗಳನ್ನು ಇದ್ದ ಕ್ರಮದಲ್ಲೇ ಮಾಡಿ. ನಡುವೆ ಎಲ್ಲಿಂದಲೋ ಶುರು ಮಾಡಿದರೆ ಮತ್ತೆ ಅದೇ ಫೋನ್‌ಗಳು ಬರುತ್ತವೆ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಒಂದು ದಪ್ಪ ನೋಟ್‌ಬುಕ್. ಮೊಬೈಲ್‌ನ ಶೀಟ್‌ನಲ್ಲಿ ಬರೆದರೂ ಸರಿ, ಆದರೆ ಬರೆಯಲೇಬೇಕು. ಹೆಸರು, ಓಣಿ, ಫೋನ್, ತಿಂಗಳ ಯೂನಿಟ್, ಯಾರು ಕಳಿಸಿದರು, ಮತ್ತೆ ಯಾವಾಗ ಮಾತಾಡಬೇಕು. ಈ ಆರು ಕಾಲಮ್ ಸಾಕು. "ಯಾರು ಕಳಿಸಿದರು" ಅನ್ನುವ ಕಾಲಮ್ ಖಾಲಿ ಬಿಡಬೇಡಿ. ಆರು ತಿಂಗಳಾದ ಮೇಲೆ ನಿಮಗೆ ಕೆಲಸ ಎಲ್ಲಿಂದ ಬರುತ್ತಿದೆ ಅಂತ ತೋರಿಸುವುದು ಅದೊಂದೇ.

ಅಳತೆ ಟೇಪ್, ದಿಕ್ಕು ನೋಡಲು ಮೊಬೈಲ್‌ನ ಕಂಪಾಸ್, ಕ್ಲ್ಯಾಂಪ್ ಮೀಟರ್. ನೀವೇ ಹಾಕಿದ ಎರಡು ಮೂರು ಮನೆಗಳ ಫೋಟೊ ಮತ್ತು ಅವರ ಬಿಲ್: ಹಾಕಿಸುವ ಮುಂಚಿನದು ಒಂದು, ಆಮೇಲಿನದು ಒಂದು. ಬಿಲ್ ತೋರಿಸಲು ಅವರನ್ನು ಕೇಳಿ, ಹೆಸರು ಮತ್ತು ಆರ್‌ಆರ್ ನಂಬರ್ ಮುಚ್ಚಿ ಇಟ್ಟುಕೊಳ್ಳಿ.

ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ ವೆಂಡರ್ ಆಗಿ ನೋಂದಣಿ ಇನ್ನೂ ಆಗಿಲ್ಲವಾ? ಅದನ್ನು ಮೊದಲು ಮುಗಿಸಿ. ನೋಂದಾಯಿತ ವೆಂಡರ್ ಹಾಕಿದರೆ ಮಾತ್ರ ಮನೆಯವರಿಗೆ ಸಬ್ಸಿಡಿ ಸಿಗುವುದು. ಆಗಿದ್ದರೆ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಸರಿ ಇದೆಯಾ ಒಮ್ಮೆ ನೋಡಿ. ಹಳೆ ನಂಬರ್ ಬಿಟ್ಟುಕೊಂಡು "ಯಾರೂ ಫೋನ್ ಮಾಡ್ತಿಲ್ಲ" ಅಂತ ಕೂತವರನ್ನು ನೋಡಿದ್ದೇನೆ.

ಸಬ್ಸಿಡಿಯ ಲೆಕ್ಕ ನಿದ್ದೆಯಲ್ಲಿ ಕೇಳಿದರೂ ಹೇಳುವಂತಿರಬೇಕು. 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಮತ್ತು ಅದಕ್ಕಿಂತ ಮೇಲೆ ಎಷ್ಟೇ ಹಾಕಿದರೂ 78,000 ರೂಪಾಯಿ. ಮನೆಗಳಿಗೆ ಮಾತ್ರ. ಅಂಗಡಿಗೆ, ಗಿರಣಿಗೆ ಇಲ್ಲ. ದುಡ್ಡು ಬರುವುದು ಕೆಲಸ ಮುಗಿದು, ನೆಟ್ ಮೀಟರ್ (ಒಳಗೆ ಬಂದ, ಹೊರಗೆ ಹೋದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕೂತು, ಪೋರ್ಟಲ್‌ನಲ್ಲಿ ಎಲ್ಲಾ ಸರಿಯಾದ ಮೇಲೆ, ಗಿರಾಕಿಯ ಖಾತೆಗೆ.

## ಹಂತ 1: ಹಳೆ ಮಾಳಿಗೆಗಳನ್ನು ಮತ್ತೆ ಹತ್ತಿ

ನೀವು ಇಲ್ಲಿವರೆಗೆ ಹಾಕಿದ ಎಲ್ಲಾ ಮನೆಗಳ ಪಟ್ಟಿ ಮಾಡಿ. ಎಂಟು ಇರಲಿ, ಎಂಬತ್ತು ಇರಲಿ. ಫೋನ್ ಮಾಡಿ, "ಪ್ಯಾನೆಲ್ ನೋಡಿ ಹೋಗ್ತೀನ್ರಿ, ದುಡ್ಡೇನೂ ಬ್ಯಾಡ" ಅಂತ ಹೇಳಿ ಹೋಗಿ.

ಇದೇನೂ ಉಪಕಾರ ಅಲ್ಲ. ಸೂರ್ಯ ಘರ್ ಯೋಜನೆಯಲ್ಲಿ ಹಾಕಿದ ಸಿಸ್ಟಂಗೆ ಐದು ವರ್ಷದ ನಿರ್ವಹಣೆ ವೆಂಡರ್‌ನದೇ ಹೊಣೆ. ಹೇಗೂ ಹೋಗಬೇಕಾದ ಭೇಟಿ ಅದು. ಬಹಳ ಜನ ದೂರು ಬಂದ ಮೇಲೆ ಮುಖ ಗಂಟು ಹಾಕಿಕೊಂಡು ಹೋಗುತ್ತಾರೆ. ನೀವು ಕರೆಯುವ ಮುಂಚೆ ಹೋಗಿ.

ಹೋದಾಗ ಮಾಡುವುದು ಇಷ್ಟು. ಧೂಳು ಎಷ್ಟಿದೆ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಎರಡೇ ವಾರಕ್ಕೆ ಪ್ಯಾನೆಲ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ನಟ್ಟು-ಬೋಲ್ಟ್ ಬಿಗಿ ಮಾಡಿ. ಅರ್ಥಿಂಗ್ ವೈರ್ ಕಳಚಿದೆಯಾ, ಇಲಿ ಕಡಿದಿದೆಯಾ ನೋಡಿ. ಧಾರವಾಡದ ಕಡೆ ಮಂಗಗಳು ವೈರ್ ಎಳೆದಿರುತ್ತವೆ, ಅದನ್ನೂ. ಇನ್ವರ್ಟರ್‌ನ ಡಿಸ್‌ಪ್ಲೇ ಮುಂದೆ ಮನೆಯವರನ್ನು ನಿಲ್ಲಿಸಿ, ಇಲ್ಲಿವರೆಗೆ ಎಷ್ಟು ಯೂನಿಟ್ ಬಂದಿದೆ ಅಂತ ಅವರಿಂದಲೇ ಓದಿಸಿ. ಆಮೇಲೆ ಬಿಲ್ ತರಿಸಿ, ಕೂತು ಲೆಕ್ಕ ಮಾಡಿ ತೋರಿಸಿ.

ಕೇಳುವ ಹೊತ್ತು ಅದು. "ಅಕ್ಕಾರ, ನಿಮ್ಮ ಹಂಗ ಬಿಲ್ ಜಾಸ್ತಿ ಬರೂ ಮನಿ ನಿಮ್ಮ ಪೈಕಿ ಯಾವುದೈತ್ರಿ?" ಅಂತ ಕೇಳಿ. "ಯಾರಿಗಾದ್ರೂ ಬೇಕಿದ್ರ ಹೇಳ್ರಿ" ಅಂದರೆ "ಹೂಂ, ಹೇಳ್ತೀವಿ" ಅಂತಾರೆ, ಅಲ್ಲಿಗೆ ಮುಗಿಯುತ್ತದೆ. ಬಿಲ್ ಜಾಸ್ತಿ ಬರುವ ಮನೆ ಯಾವುದು ಅಂತ ಕೇಳಿದರೆ ತಂಗಿಯ ಮನೆಯೋ, ಬೀಗರ ಮನೆಯೋ, ಒಂದು ಹೆಸರು ತಲೆಗೆ ಬಂದೇ ಬರುತ್ತದೆ. ಅವರಿಂದಲೇ ಒಂದು ಫೋನ್ ಮಾಡಿಸಿ. ನೀವು ಗೊತ್ತಿಲ್ಲದ ನಂಬರ್‌ನಿಂದ ಮಾಡಿದರೆ ಯಾರೂ ಎತ್ತುವುದಿಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪು ಹೊತ್ತಿನದು. ಪ್ಯಾನೆಲ್ ಹಾಕಿದ ದಿನವೇ ಹೆಸರು ಕೇಳುತ್ತಾರೆ. ಆ ದಿನ ಗಿರಾಕಿಯ ಕೈಯಿಂದ ದುಡ್ಡು ಹೋಗಿರುತ್ತದೆ, ಲಾಭ ಕಣ್ಣಿಗೆ ಕಂಡಿರುವುದಿಲ್ಲ. ಮೀಟರ್ ಕೂತ ಮೇಲೆ ಮೊದಲ ಬಿಲ್ ಬರುವ ವಾರ ಒಳ್ಳೆಯದು. ಸಬ್ಸಿಡಿ ಜಮಾ ಆಯಿತು ಅಂತ ಬ್ಯಾಂಕಿನ ಮೆಸೇಜ್ ಬಂದ ದಿನ ಅದಕ್ಕಿಂತ ಒಳ್ಳೆಯದು. ಆ ಮೆಸೇಜನ್ನು ಅವರೇ ನಾಲ್ಕು ಜನರಿಗೆ ತೋರಿಸುತ್ತಿರುತ್ತಾರೆ.

ಹೊಸಬರು, ಒಂದೂ ಮನೆ ಹಾಕಿಲ್ಲ ಅನ್ನುವವರು ಏನು ಮಾಡಬೇಕು? ನಮ್ಮ ಕಡೆ "ಸೋಲಾರ್" ಅಂದರೆ ಜನರಿಗೆ ಮೊದಲು ನೆನಪಾಗುವುದು ಮಾಳಿಗೆ ಮೇಲಿನ ನೀರು ಕಾಯಿಸುವ ಸೋಲಾರ್. ಬೋರ್ ನೀರಿನ ಸುಣ್ಣ ಕಟ್ಟಿ ಅರ್ಧಕ್ಕರ್ಧ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ, ರಿಪೇರಿಗೆ ಬರುವವರೂ ಸಿಗುವುದಿಲ್ಲ. ಆ ಸರ್ವಿಸ್ ಕೆಲಸ ಹಿಡಿಯಿರಿ. ಕೂಲಿ ಸಿಗುತ್ತದೆ, ಜೊತೆಗೆ ಮಾಳಿಗೆ ನೋಡಲು ಸಿಗುತ್ತದೆ. ನನಗೆ ಮೊದಲ ವರ್ಷ ಅನ್ನ ಹಾಕಿದ್ದು ಈ ಟ್ಯೂಬ್ ತೊಳೆಯುವ ಕೆಲಸ.

## ಹಂತ 2: ಮಾಳಿಗೆಗಿಂತ ಮೊದಲು ಬಿಲ್ ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ನಮ್ಮ ಜನ ಹೆಚ್ಚು ಪೆಟ್ರೋಲ್ ಸುಡುವುದು ಇದನ್ನು ಬಿಟ್ಟಿದ್ದಕ್ಕೆ.

ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇದೆ. 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯೂನಿಟ್ ಮೀರದ ಹಾಗೆ ಉಚಿತ. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ಮೊದಲಿನಿಂದಲೂ 90 ಯೂನಿಟ್ ಆಸುಪಾಸಿನಲ್ಲೇ ಸುಡುವ ಮನೆಗೆ ಬಿಲ್ ಸೊನ್ನೆ. ಆ ಮನೆಗೆ ಹೋಗಿ ಬಿಲ್ ಉಳಿಸುತ್ತೇನೆ ಅಂತ ಅರ್ಧ ಗಂಟೆ ಮಾತಾಡಿದರೆ ಅವರು ಚಹಾ ಕೊಟ್ಟು ಕಳಿಸುತ್ತಾರೆ, ಅಷ್ಟೇ.

ಹಾಗಾಗಿ ಫೋನ್‌ನಲ್ಲೇ ಮೊದಲ ಪ್ರಶ್ನೆ ಇದಿರಲಿ: "ತಿಂಗಳಾ ಕರೆಂಟ್ ಬಿಲ್ ಎಷ್ಟ ಬರ್ತೈತ್ರಿ? ಬಿಲ್ಲಿನ ಫೋಟೊ ವಾಟ್ಸ್ಆ್ಯಪ್ ಮಾಡ್ರಿ." ಬಿಲ್ ಕಳಿಸಿದವರು ಅರ್ಧ ಗಿರಾಕಿ. ಕಳಿಸಲು ಸೋಮಾರಿತನ ಮಾಡಿದವರು ಲಕ್ಷ ರೂಪಾಯಿಯ ನಿರ್ಧಾರವನ್ನೂ ಬೇಗ ಮಾಡುವುದಿಲ್ಲ.

ಫೋಟೊದಲ್ಲಿ ನೋಡಬೇಕಾದದ್ದು ಯೂನಿಟ್, ಮಂಜೂರಾದ ಲೋಡ್, ಟ್ಯಾರಿಫ್, ಯಾರ ಹೆಸರಲ್ಲಿ ಮೀಟರ್ ಇದೆ ಅನ್ನುವುದು. ಒಂದೇ ತಿಂಗಳ ಬಿಲ್ ನಂಬಬೇಡಿ. ಏಪ್ರಿಲ್-ಮೇ ಬಿಲ್‌ನಲ್ಲಿ ಕೂಲರ್, ಎಸಿ ಸೇರಿರುತ್ತದೆ. ಡಿಸೆಂಬರ್ ತಿಂಗಳದನ್ನೂ ಕೇಳಿ.

ಪ್ರತಿ ತಿಂಗಳೂ 250 ಯೂನಿಟ್ ಮೀರುವ ಮನೆ ನಿಮ್ಮ ಮನೆ. ಎಸಿ ಎರಡು ಇರುವವರು, ಮಹಡಿ ಮೇಲೆ ಮಕ್ಕಳು, ಕೆಳಗೆ ಹಿರಿಯರು ಇರುವ ದೊಡ್ಡ ಕುಟುಂಬ, ಎಲೆಕ್ಟ್ರಿಕ್ ಸ್ಕೂಟರ್ ಅಥವಾ ಕಾರು ಚಾರ್ಜ್ ಮಾಡುವವರು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು. ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರ, ನವನಗರ, ಧಾರವಾಡದ ಸಪ್ತಾಪುರ ಕಡೆ ಇಂಥವು ಸಿಗುತ್ತವೆ.

180ರಿಂದ 220ರ ನಡುವೆ ಓಲಾಡುವ ಮನೆಗೆ ಆತುರ ಮಾಡಬೇಡಿ. 100 ಯೂನಿಟ್ ಒಳಗಿನ ಮನೆಗೆ "ನಿಮಗ ಈಗ ಬ್ಯಾಡ್ರಿ" ಅಂತ ಬಾಯಿಬಿಟ್ಟು ಹೇಳಿ ಬನ್ನಿ. ಕೆಲಸ ಬೇಡ ಅಂದ ಇನ್‌ಸ್ಟಾಲರ್‌ನ ಹೆಸರನ್ನು ಜನ ಮರೆಯುವುದಿಲ್ಲ. ಹಾಗೆ ಬೇಡ ಅಂದು ಬಂದ ಮನೆಯವರು ತಮ್ಮ ಅಣ್ಣನ ಮನೆಗೆ ಕಳಿಸಿದ್ದು ನನಗೇ ಆಗಿದೆ.

ರೈತರ ಹೊಲಕ್ಕೆ ಹೋಗುವ ಮುಂಚೆಯೂ ಇದೇ ಲೆಕ್ಕ. 10 ಎಚ್‌ಪಿ ವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಅಲ್ಲಿ ಉಳಿಸಲು ಬಿಲ್ಲೇ ಇಲ್ಲ. ಬೆಟಗೇರಿ, ಗಜೇಂದ್ರಗಡದ ಮಗ್ಗದವರಿಗೂ ಕರೆಂಟ್‌ನಲ್ಲಿ ರಿಯಾಯಿತಿ ಇದೆ. ಮಗ್ಗದ ಸದ್ದು ಕೇಳಿ ದೊಡ್ಡ ಗಿರಾಕಿ ಅಂತ ಒಳಗೆ ಹೋಗಬೇಡಿ, ಮೊದಲು ಬಿಲ್ ಕೇಳಿ.

## ಹಂತ 3: ಆರ್‌ಆರ್ ನಂಬರ್ ಅಜ್ಜನ ಹೆಸರಲ್ಲಿದ್ದರೆ ಓಡಿಹೋಗಬೇಡಿ

ಹುಬ್ಬಳ್ಳಿ ಹಳೆ ಓಣಿಗಳಲ್ಲಿ, ಗದಗಿನಲ್ಲಿ, ಹಾವೇರಿ ಜಿಲ್ಲೆಯ ಊರುಗಳಲ್ಲಿ ಮೀಟರ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಬಿಲ್‌ನ ಹೆಸರು, ಅರ್ಜಿ ಹಾಕುವವರ ಹೆಸರು, ಬ್ಯಾಂಕ್ ಖಾತೆಯ ಹೆಸರು ಹೊಂದದಿದ್ದರೆ ಸಬ್ಸಿಡಿ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ದೂರದ ಊರಿಂದ ಬಂದ ದೊಡ್ಡ ಕಂಪನಿಯ ಹುಡುಗರು ಇಂಥ ಮನೆ ಬಿಟ್ಟು ಮುಂದೆ ಹೋಗುತ್ತಾರೆ.

ನೀವು ಬಿಡಬೇಡಿ. ಹೆಸರು ಬದಲಾವಣೆಗೆ ಏನೇನು ಕಾಗದ ಬೇಕು ಅಂತ ಕರೆಂಟ್ ಪೂರೈಸುವ ಹೆಸ್ಕಾಂನ ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಕೇಳಿ, ಒಂದು ಹಾಳೆಯಲ್ಲಿ ಬರೆದಿಡಿ. ಮರಣ ಪ್ರಮಾಣಪತ್ರ, ಉತಾರ, ಉಳಿದ ವಾರಸುದಾರರ ಒಪ್ಪಿಗೆ ಇಂಥವು ಇರುತ್ತವೆ. ಆ ಹಾಳೆಯ ಜೆರಾಕ್ಸ್ ಜೇಬಿನಲ್ಲಿರಲಿ. ಸೋಲಾರ್ ಹಾಕಿಸಲಿ ಬಿಡಲಿ, ಕೇಳಿದವರಿಗೆ ಕೊಡಿ.

ಎರಡು ವಾರ ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಒಂದು ಮನೆಯ ಹೆಸರು ಬದಲಾಯಿಸಿಕೊಟ್ಟರೆ ಆ ಓಣಿಯಲ್ಲಿ ಅದೇ ಕಷ್ಟ ಇರುವ ಇನ್ನೂ ಎರಡು ಮನೆ ತಾವಾಗಿ ಮುಂದೆ ಬರುತ್ತವೆ. ಒಂದು ಎಚ್ಚರ: ಹೆಸರು ಬದಲಾಗುವ ಮುಂಚೆ ಅರ್ಜಿ ಹಾಕಬೇಡಿ, ಅಡ್ವಾನ್ಸ್ ತಗೊಳ್ಳಬೇಡಿ. ಅಣ್ಣತಮ್ಮಂದಿರ ಜಗಳ ಇರುವ ಮನೆಯಾದರೆ ನಮಸ್ಕಾರ ಹೇಳಿ ಬನ್ನಿ.

## ಹಂತ 4: ಒಂದೇ ಓಣಿ ಹಿಡಿಯಿರಿ

ಇವತ್ತು ನವಲಗುಂದ, ನಾಳೆ ರಾಣೆಬೆನ್ನೂರು, ನಾಡಿದ್ದು ಕಲಘಟಗಿ. ಹೀಗೆ ಓಡಾಡಿದರೆ ಪೆಟ್ರೋಲ್ ಬಂಕಿನವನು ಉದ್ಧಾರ ಆಗುತ್ತಾನೆ. ಮೂರು ತಿಂಗಳಿಗೆ ಒಂದು ಬಡಾವಣೆ, ಅಥವಾ ಒಂದು ಊರು ಸಾಕು.

ಎಲ್ಲಿ ಹಿಡಿಯಬೇಕು? ನೀವು ಈಗಾಗಲೇ ಒಂದು ಮನೆ ಹಾಕಿದ ಕಡೆ. ಮಾಳಿಗೆ ಮೇಲೆ ನಿಂತು ಸುತ್ತ ನೋಡಿ. ಎಷ್ಟು ಆರ್‌ಸಿಸಿ ಮಾಳಿಗೆ ಇವೆ, ಎಷ್ಟಕ್ಕೆ ಎಸಿಯ ಔಟ್‌ಡೋರ್ ಪೆಟ್ಟಿಗೆ ಇದೆ, ಯಾವುದಕ್ಕೆ ತೆಂಗಿನ ಮರದ ನೆರಳಿದೆ. ಹತ್ತು ನಿಮಿಷದಲ್ಲಿ ಓಣಿಯ ನಕ್ಷೆ ತಯಾರು. ಮಣ್ಣಿನ ಮಾಳಿಗೆಯ ಹಳೆ ಮನೆಗಳನ್ನು ಆಗಲೇ ಪಟ್ಟಿಯಿಂದ ತೆಗೆದು ಹಾಕಿ. ಅವು ಪ್ಯಾನೆಲ್‌ನ ಫ್ರೇಮ್ ಹಿಡಿಯುವುದಿಲ್ಲ, ಮಳೆಗಾಲದಲ್ಲಿ ಸೋರಿದರೆ ಬೈಸಿಕೊಳ್ಳುವವರು ನೀವೇ.

ಕೆಲಸ ನಡೆಯುವ ದಿನ ಓಣಿಯ ಜನ ತಾವಾಗಿ ನಿಂತು ನೋಡುತ್ತಾರೆ. ಆ ದಿನ ನೀವು ಅಲ್ಲಿ ಇರಬೇಕು. ಹುಡುಗರನ್ನು ಬಿಟ್ಟು ಬೇರೆ ಕಡೆ ಹೋಗಬೇಡಿ. ಎದುರು ಮನೆಯ ಕಾಕಾ ಬಂದು "ಏನಿದು, ಎಷ್ಟ ಬಿತ್ತು?" ಅಂತ ಕೇಳಿದಾಗ ಹುಡುಗರು "ಗೊತ್ತಿಲ್ರಿ" ಅಂದರೆ ಆ ಮನೆ ಅಲ್ಲೇ ಹೋಯಿತು. ಮನೆಯವರು ಒಪ್ಪಿದರೆ ಅಕ್ಕಪಕ್ಕದವರನ್ನು ಮಾಳಿಗೆಗೆ ಕರೆದು ತೋರಿಸಿ. ಬಿಸಿಲು ನೆತ್ತಿ ಮೇಲಿದ್ದಾಗ ಇನ್ವರ್ಟರ್ ಎಷ್ಟು ತೋರಿಸುತ್ತಿದೆ ಅಂತ ಕಣ್ಣಾರೆ ಕಂಡರೆ ಮಾತೇ ಬೇಕಿಲ್ಲ.

ಹೊತ್ತು ನೋಡಿ ಹೋಗಿ. ಮಾರ್ಚ್-ಏಪ್ರಿಲ್‌ನಲ್ಲಿ ಬಿಲ್ ಏರಿದಾಗ ಜನ ಕಿವಿಗೊಡುತ್ತಾರೆ. ಆಷಾಢದಲ್ಲಿ ಯಾರೂ ಹೊಸ ಕೆಲಸ ಶುರು ಮಾಡುವುದಿಲ್ಲ, ಸುಮ್ನೆ ಒತ್ತಾಯ ಮಾಡಬೇಡಿ. ಆ ತಿಂಗಳು ಹಂತ 1ರ ಸರ್ವಿಸ್‌ಗೆ ಇಟ್ಟುಕೊಳ್ಳಿ.

## ಹಂತ 5: ಕೈ ಜೋಡಿಸುವವರನ್ನು ಹಿಡಿಯಿರಿ

ಮನೆ ಕಟ್ಟುವವರಿಗೆ ನಿಮಗಿಂತ ಮೊದಲು ಗಿರಾಕಿ ಗೊತ್ತಿರುತ್ತಾನೆ. ಸಿವಿಲ್ ಎಂಜಿನಿಯರ್, ಗೌಂಡಿ ಮೇಸ್ತ್ರಿ, ವೈರಿಂಗ್ ಮಾಡುವವರು, ಯುಪಿಎಸ್-ಬ್ಯಾಟರಿ ಅಂಗಡಿಯವರು, ಶೆಡ್ ಹಾಕುವ ಫ್ಯಾಬ್ರಿಕೇಶನ್‌ನವರು. ಇವರಲ್ಲಿ ನಾಲ್ಕೈದು ಜನ ಸಾಕು. ಐವತ್ತು ಜನರಿಗೆ ಕಾರ್ಡ್ ಹಂಚಿದರೆ ಐವತ್ತೂ ಡ್ರಾವರ್‌ನಲ್ಲಿ ಸೇರುತ್ತವೆ.

ಅವರಿಗೆ ಏನು ಕೊಡಬೇಕು? ಕಮಿಷನ್ ಅಂತ ಮೊದಲ ದಿನವೇ ಬಾಯಿ ಬಿಡಬೇಡಿ. ಎಲೆಕ್ಟ್ರಿಷಿಯನ್‌ಗೆ ಕೆಲಸ ಕೊಡಿ. ಅರ್ಥಿಂಗ್ ಹೊಡೆಯುವುದು, ಕೇಬಲ್ ಇಳಿಸುವುದು ಅವನೇ ಮಾಡಲಿ, ಕೂಲಿ ಅದೇ ದಿನ ಕೊಡಿ. ಕಮಿಷನ್ ಒಂದೇ ನಂಬಿಕೊಂಡರೆ ನಿಮಗಿಂತ ಸಾವಿರ ಜಾಸ್ತಿ ಕೊಡುವವನ ಕಡೆ ನಾಳೆ ಹೋಗುತ್ತಾನೆ. ಕೆಲಸ ಕೊಟ್ಟರೆ ಆ ಮನೆಯ ಜೊತೆ ಅವನ ಹೆಸರೂ ಸೇರಿರುತ್ತದೆ, ಹಾಳು ಮಾಡಲು ಮನಸ್ಸು ಬರುವುದಿಲ್ಲ.

ಎಂಜಿನಿಯರ್‌ಗೆ ಬೇರೆ ರೀತಿ. ಸ್ಲ್ಯಾಬ್ ಹಾಕುವ ಮುಂಚೆ ಹೋಗಿ, ಸೋಲಾರ್ ಕೇಬಲ್‌ಗೆ ಪೈಪ್ ಎಲ್ಲಿ ಬಿಡಬೇಕು, ನೀರಿನ ಟ್ಯಾಂಕ್ ಎಲ್ಲಿ ಕೂರಿಸಿದರೆ ನೆರಳು ಬೀಳುವುದಿಲ್ಲ ಅಂತ ಒಂದು ಚಿತ್ರ ಬರೆದು ಕೊಡಿ. ಟ್ಯಾಂಕ್ ದಕ್ಷಿಣಕ್ಕೆ ಕೂರಿಸಿ ಆಮೇಲೆ ಅಳುವ ಮನೆಗಳು ಊರ ತುಂಬಾ ಇವೆ. ದುಡ್ಡು ಕೇಳಬೇಡಿ. ಮನೆ ಮುಗಿಯುವ ಹೊತ್ತಿಗೆ ಪ್ಯಾನೆಲ್ ಮಾತು ಬಂದಾಗ ಆ ಚಿತ್ರದ ಮೂಲೆಯಲ್ಲಿ ನಿಮ್ಮ ನಂಬರ್ ಇರುತ್ತದೆ.

ಬ್ಯಾಂಕಿನ ಮ್ಯಾನೇಜರ್ ಒಬ್ಬರ ಪರಿಚಯ ಮಾಡಿಕೊಳ್ಳಿ. ಈ ಯೋಜನೆಗೆಂದೇ ಸರ್ಕಾರಿ ಬ್ಯಾಂಕುಗಳಲ್ಲಿ ಸಾಲ ಇದೆ. ನೀವು ಕಳಿಸುವ ಫೈಲ್ ಪೂರ್ತಿ ಇದ್ದರೆ, ಎರಡು ಸಲ ವಾಪಸ್ ಬಾರದಿದ್ದರೆ, ಸಾಲ ಕೇಳಿ ಬಂದ ಇನ್ನೊಬ್ಬರಿಗೆ ಅವರೇ ನಿಮ್ಮ ಹೆಸರು ಹೇಳುತ್ತಾರೆ.

ಹೆಸ್ಕಾಂ ಸಿಬ್ಬಂದಿಗೆ ದುಡ್ಡು ಕೊಟ್ಟು ಹೆಸರು ತರಿಸಿಕೊಳ್ಳುವ ದಾರಿಗೆ ಹೋಗಲೇಬೇಡಿ. "ನಾವು ಹೆಸ್ಕಾಂ ಕಡೆಯಿಂದ ಬಂದೇವ್ರಿ" ಅಂತ ಬಾಗಿಲು ಬಡಿಯುವುದಂತೂ ಮೋಸ. ಒಬ್ಬರು ದೂರು ಕೊಟ್ಟರೂ ನೋಂದಣಿಗೇ ಕುತ್ತು.

## ಹಂತ 6: ಅಂಗಡಿ, ಗಿರಣಿ, ಪಿಜಿ, ಅಪಾರ್ಟ್‌ಮೆಂಟ್

ಮನೆಗಳಲ್ಲಿ ಕೈ ಕೂತ ಮೇಲೆ ಇಲ್ಲಿಗೆ ಬನ್ನಿ. ಗೃಹಜ್ಯೋತಿಯ ಮಾತೇ ಇಲ್ಲದ ಗಿರಾಕಿಗಳು ಇವರು. ಅಪಾರ್ಟ್‌ಮೆಂಟ್ ಬಿಟ್ಟರೆ ಸಬ್ಸಿಡಿಯೂ ಇಲ್ಲ, ಬಿಲ್ ಮಾತ್ರ ಪೂರ್ತಿ. ವಾಣಿಜ್ಯಕ್ಕೆ ಎಲ್‌ಟಿ-3, ಕೈಗಾರಿಕೆಗೆ ಎಲ್‌ಟಿ-5 ಅಂತ ಬಿಲ್‌ನಲ್ಲಿರುತ್ತದೆ.

ಹಗಲು ಹೊತ್ತು ಕರೆಂಟ್ ಸುಡುವವರನ್ನು ಹುಡುಕಿ. ಹಿಟ್ಟಿನ ಗಿರಣಿ, ಖಾರದ ಗಿರಣಿ, ಎಣ್ಣೆ ಗಾಣ, ಪ್ರಿಂಟಿಂಗ್ ಪ್ರೆಸ್, ಡಯಾಗ್ನೋಸ್ಟಿಕ್ ಲ್ಯಾಬ್, ದಂತವೈದ್ಯರ ಕ್ಲಿನಿಕ್. ಗದಗ-ಬೆಟಗೇರಿಯಲ್ಲಿ ಪ್ರೆಸ್‌ಗಳಿವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್‌ಗಳಿವೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಸಣ್ಣ ಕಾರ್ಖಾನೆಗಳು ಸರಿ. ಕೋಲ್ಡ್ ಸ್ಟೋರೇಜ್ ದೊಡ್ಡ ಕೆಲಸ. ಅನುಭವ ಇಲ್ಲದೆ ಒಬ್ಬರೇ ಕೈ ಹಾಕಬೇಡಿ, ದೊಡ್ಡ ಇನ್‌ಸ್ಟಾಲರ್ ಜೊತೆ ಸೇರಿ ಮಾಡಿ.

ಗಿರಣಿಗೆ ಸಂಜೆ ಹೋಗಬೇಡಿ. ಡಬ್ಬಿ ಹಿಡಿದು ಜನ ಸಾಲು ನಿಂತಿರುತ್ತಾರೆ, ಮಾಲೀಕರ ಕಿವಿಗೆ ನಿಮ್ಮ ಮಾತೇ ಬೀಳುವುದಿಲ್ಲ. ಮಧ್ಯಾಹ್ನ ಊಟದ ನಂತರ ಹೋಗಿ. ಅವರಿಗೆ ಒಂದೇ ಲೆಕ್ಕ ಬೇಕು: ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್?

ಧಾರವಾಡದಲ್ಲಿ ಕೋಚಿಂಗ್‌ಗೆ ಬಂದ ಹುಡುಗರ ಪಿಜಿಗಳು ಓಣಿಗೆ ನಾಲ್ಕಿವೆ. ಒಬ್ಬ ಪಿಜಿ ಮಾಲೀಕರಿಗೆ ಉಳಿದ ಹತ್ತು ಮಾಲೀಕರ ಪರಿಚಯ ಇರುತ್ತದೆ. ಮೊದಲಿನವರ ಕೆಲಸ ಚೊಕ್ಕ ಮಾಡಿ. ಕಟ್ಟಡ ಬಾಡಿಗೆಯದಾ ಸ್ವಂತದ್ದಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಅಪಾರ್ಟ್‌ಮೆಂಟ್‌ಗೆ ಸಬ್ಸಿಡಿ ಇದೆ. ಲಿಫ್ಟ್, ಪಂಪ್, ಮೆಟ್ಟಿಲ ದೀಪ ಇಂಥ ಎಲ್ಲರ ಬಳಕೆಗೆ ಹಾಕಿದರೆ ಕಿಲೋವ್ಯಾಟ್‌ಗೆ 18,000 ರೂಪಾಯಿ. ಆದರೆ ಹತ್ತು ಜನ ಒಪ್ಪಬೇಕು, ಹನ್ನೊಂದನೆಯವರು ಬೇಡ ಅನ್ನುತ್ತಾರೆ. ಖಜಾಂಚಿಯನ್ನು ಹಿಡಿಯಿರಿ. ಬಿಲ್ ಕಟ್ಟುವ ನೋವು ಗೊತ್ತಿರುವುದು ಅವರಿಗೇ.

## ಹಂತ 7: ಹುಡುಕಿದಾಗ ಸಿಗುವ ಹಾಗಿರಿ

ಇದಕ್ಕೂ ದುಡ್ಡು ಬೇಕಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಅಂಗಡಿ ಇಲ್ಲದಿದ್ದರೂ ಸೇವೆ ಕೊಡುವ ಊರುಗಳನ್ನು ಹಾಕಬಹುದು. ಹೆಸರನ್ನು ಕನ್ನಡದಲ್ಲೂ ಬರೆಯಿರಿ. ನಿಮ್ಮದೇ ಕೆಲಸದ ಫೋಟೊ ಹಾಕಿ. ನೆಟ್‌ನಿಂದ ಎತ್ತಿದ ಹಸಿರು ಹುಲ್ಲು, ನೀಲಿ ಆಕಾಶದ ವಿದೇಶಿ ಮನೆ ಬೇಡ. ನಮ್ಮ ಮಾಳಿಗೆ, ನಮ್ಮ ಟ್ಯಾಂಕು, ಒಣಹಾಕಿದ ಹಪ್ಪಳ ಕಂಡರೆ ಜನ ನಂಬುತ್ತಾರೆ.

ಗಿರಾಕಿಗೆ ರಿವ್ಯೂ ಬರೆಯಿರಿ ಅಂತ ಹೇಳುವಾಗ ಲಿಂಕ್ ಕಳಿಸಿ, ಎದುರಿಗೇ ಕೂತು ಬರೆಸಿ. ಓಣಿಯ ಹೆಸರು, ಎಷ್ಟು ಕಿಲೋವ್ಯಾಟ್, ಬಿಲ್ ಎಷ್ಟಿತ್ತು ಎಷ್ಟಾಯಿತು ಅಂತ ಎರಡು ಸಾಲು. ದುಡ್ಡು ಕೊಟ್ಟು ರಿವ್ಯೂ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ಅಣ್ಣತಮ್ಮಂದಿರಿಂದ ಒಂದೇ ದಿನ ಇಪ್ಪತ್ತು ಬರೆಸಿದರೆ ಓದುವವರಿಗೂ ವಾಸನೆ ಹೊಡೆಯುತ್ತದೆ.

ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಹಾಗಾಗಿ ಸ್ಟೇಟಸ್ ಜಾಸ್ತಿ ಕೆಲಸಕ್ಕೆ ಬರುತ್ತದೆ. ವಾರಕ್ಕೆ ಎರಡು ಸಾಕು. ಇವತ್ತಿನ ಮಾಳಿಗೆ, ಇವತ್ತಿನ ಯೂನಿಟ್. ಬಡಾವಣೆಯ ಗ್ರೂಪ್‌ಗಳಲ್ಲಿ ದಿನಾ ಗುಡ್ ಮಾರ್ನಿಂಗ್ ಜೊತೆ ಪೋಸ್ಟರ್ ಹಾಕಿದರೆ ತೆಗೆದು ಹಾಕುತ್ತಾರೆ. ಅಲ್ಲಿ ಯಾರಾದರೂ ಬಿಲ್ ಜಾಸ್ತಿ ಬಂತು ಅಂದಾಗ ಉತ್ತರ ಕೊಡಿ, ಅಷ್ಟು ಸಾಕು.

## ಹಂತ 8: ಮಾಳಿಗೆ ನೋಡಿ, ಕಾಗದದ ಮೇಲೆ ನಿಜ ಬರೆಯಿರಿ

ಬಿಲ್ ನೋಡಿ ಸರಿ ಅನ್ನಿಸಿದ ಮನೆಗೆ ಮಾತ್ರ ಭೇಟಿ. ಮನೆಯಲ್ಲಿ ನಿರ್ಧಾರ ಮಾಡುವವರೆಲ್ಲ ಇರುವ ಹೊತ್ತು ಕೇಳಿ. ಭಾನುವಾರ ಬೆಳಗ್ಗೆ ಸಾಮಾನ್ಯವಾಗಿ ಸಿಗುತ್ತಾರೆ. ಗಂಡನಿಗೆ ಅರ್ಧ ಗಂಟೆ ಹೇಳಿ ಬಂದು, ಸಂಜೆ "ಮನ್ಯಾಗ ಬ್ಯಾಡ ಅಂದ್ರು" ಅಂತ ಕೇಳಿಸಿಕೊಳ್ಳುವುದು ಬೇಡ. ಒಣಹಾಕಲು ಜಾಗ ಉಳಿಯುತ್ತಾ ಅನ್ನುವುದು ಮನೆಯ ಹೆಂಗಸರ ಮೊದಲ ಪ್ರಶ್ನೆ, ಅದು ಸರಿಯಾದ ಪ್ರಶ್ನೆ ಕೂಡ. ಸ್ಟ್ರಕ್ಚರ್ ಎತ್ತರಿಸಿ ಕೆಳಗೆ ಓಡಾಡುವ ಹಾಗೆ ಮಾಡಿದರೆ ಎಷ್ಟು ಜಾಸ್ತಿ ಆಗುತ್ತದೆ ಅಂತ ಲೆಕ್ಕ ಸಿದ್ಧ ಇರಲಿ.

1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ವರ್ಷದ ಸರಾಸರಿ ದಿನಕ್ಕೆ 4 ಯೂನಿಟ್, ತಿಂಗಳಿಗೆ 120 ಅಂತ ಹಿಡಿಯಿರಿ. ಜುಲೈ-ಆಗಸ್ಟ್‌ನಲ್ಲಿ ಜಡಿಮಳೆ ಹಿಡಿದರೆ ಅರ್ಧಕ್ಕೂ ಇಳಿಯಬಹುದು ಅಂತ ಆಗಲೇ ಹೇಳಿ.

ಒಂದು ಉದಾಹರಣೆ. ತಿಂಗಳಿಗೆ 280 ಯೂನಿಟ್ ಸುಡುವ ಮನೆ. 2 ಕಿಲೋವ್ಯಾಟ್ ಹಾಕಿದರೆ 240 ಯೂನಿಟ್ ಬರುತ್ತದೆ, 40 ಹೊರಗಿನಿಂದ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 1,440, ವರ್ಷಕ್ಕೆ 17,280 ರೂಪಾಯಿ ಉಳಿತಾಯ. ನಿಮ್ಮ ರೇಟ್‌ನಲ್ಲಿ 60,000 ಸಬ್ಸಿಡಿ ಕಳೆಯಿರಿ, ಉಳಿದದ್ದನ್ನು 17,280ರಿಂದ ಭಾಗಿಸಿ. ದುಡ್ಡು ವಾಪಸ್ ಬರುವ ವರ್ಷ ಅದು. ದರವನ್ನು ಮಾತ್ರ ನನ್ನ ಲೆಕ್ಕದಿಂದ ತಗೊಳ್ಳಬೇಡಿ, ಅವರ ಬಿಲ್‌ನಲ್ಲಿರುವುದನ್ನೇ ಹಾಕಿ.

ಕೊಟೇಶನ್ ಒಂದೇ ಹಾಳೆ ಸಾಕು. ಪ್ಯಾನೆಲ್, ಇನ್ವರ್ಟರ್ ಯಾವ ಕಂಪನಿ, ಎಷ್ಟು ವರ್ಷದ ಗ್ಯಾರಂಟಿ, ಸ್ಟ್ರಕ್ಚರ್, ಅರ್ಥಿಂಗ್, ಮೀಟರ್ ಖರ್ಚು, ತೆರಿಗೆ ಎಲ್ಲಾ ಬೇರೆ ಬೇರೆ ಸಾಲಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೆ ಶೀಟ್‌ನಲ್ಲಿ ಇನ್ನೂ 12 ಇಟ್ಟುಕೊಂಡು ಗಿರಾಕಿಯ ಮಗನ ಕೈಲಿ ಸಿಕ್ಕಿಬೀಳಬೇಡಿ. ಸಬ್ಸಿಡಿ ಬೇಕಾದ ಮನೆಗೆ ಭಾರತದಲ್ಲೇ ತಯಾರಾದ ಸೆಲ್‌ನ ಡಿಸಿಆರ್ ಪ್ಯಾನೆಲ್ಲೇ ಹಾಕಬೇಕು. ಅಗ್ಗದ ಕೊಟೇಶನ್ ಜೊತೆ ಹೋಲಿಸುವಾಗ ಗಿರಾಕಿಗೆ ಈ ವ್ಯತ್ಯಾಸ ತೋರಿಸಿ.

ಕಾಗದದ ಕೆಳಗೆ ಮೂರು ಮಾತು ಕನ್ನಡದಲ್ಲಿ ದಪ್ಪಗೆ ಬರೆಯಿರಿ. ಬಿಲ್ ಪೂರ್ತಿ ಸೊನ್ನೆ ಆಗುವುದಿಲ್ಲ, ನಿಗದಿತ ಶುಲ್ಕ ಕಟ್ಟಬೇಕು. ಬ್ಯಾಟರಿ ಇಲ್ಲದ ಈ ಸಿಸ್ಟಂ ಕರೆಂಟ್ ಹೋದಾಗ ನಿಲ್ಲುತ್ತದೆ. ಸಬ್ಸಿಡಿ ಆಮೇಲೆ ನಿಮ್ಮ ಖಾತೆಗೆ ಬರುತ್ತದೆ, ಮೊದಲು ಪೂರ್ತಿ ದುಡ್ಡು ನೀವು ಕೊಡಬೇಕು.

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಶುರುವಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿಗೆ "ಬಿಲ್ ಝೀರೋ ಸರ" ಅಂದುಬಿಟ್ಟಿದ್ದೆ. ಮೊದಲ ಬಿಲ್‌ನಲ್ಲಿ ನಿಗದಿತ ಶುಲ್ಕ ಬಂತು. ಸಣ್ಣ ಮೊತ್ತವೇ. ಅವರು ಸಿಟ್ಟಾಗಲಿಲ್ಲ. ವಾಕಿಂಗ್ ಗೆಳೆಯರಿಗೆ ಆ ಬಿಲ್ ತೋರಿಸಿದರು, ಅಷ್ಟೇ. ಆ ಬಡಾವಣೆಯಲ್ಲಿ ಎರಡು ವರ್ಷ ನನಗೆ ಒಂದು ಕೆಲಸವೂ ಸಿಗಲಿಲ್ಲ.

## ಹಂತ 9: "ನೋಡೂಣ್ರಿ" ಅಂದವರ ಹಿಂದೆ ಹೋಗುವುದು

ನಮ್ಮ ಕಡೆ ಮುಖದ ಮೇಲೆ ಬೇಡ ಅನ್ನುವವರು ಕಡಿಮೆ. "ನೋಡೂಣ್ರಿ" ಅಂತಾರೆ. ಇದಕ್ಕೆ ನಾಲ್ಕು ಅರ್ಥ ಇರಬಹುದು: ದುಡ್ಡಿಲ್ಲ, ನಂಬಿಕೆ ಇಲ್ಲ, ಮನೆಯಲ್ಲಿ ಒಪ್ಪಿಗೆ ಇಲ್ಲ, ಇನ್ನೊಬ್ಬರ ರೇಟ್ ಬರಬೇಕಿದೆ. ಯಾವುದು ಅಂತ ತಿಳಿಯದೆ ರೇಟ್ ಇಳಿಸಬೇಡಿ.

ಮೂರು ದಿನ ಬಿಟ್ಟು ಒಂದು ಫೋನ್. ದುಡ್ಡಿನ ತೊಡಕಾದರೆ ಬ್ಯಾಂಕ್ ಸಾಲದ ಕಂತು ಲೆಕ್ಕ ಹಾಕಿ ಕಳಿಸಿ. ನಂಬಿಕೆಯದಾದರೆ ಅವರ ಓಣಿಯ ಹತ್ತಿರದ ಹಳೆ ಗಿರಾಕಿಯ ಮನೆಗೆ ಕರೆದುಕೊಂಡು ಹೋಗಿ, ಮಾತಾಡಲು ಬಿಟ್ಟು ನೀವು ಹೊರಗೆ ನಿಲ್ಲಿ. ಎರಡನೇ ಫೋನ್ ಹದಿನೈದು ದಿನಕ್ಕೆ. ಆಮೇಲೆ ಮಾರ್ಚ್ ಬಿಲ್ ಬರುವವರೆಗೆ ಸುಮ್ಮನಿರಿ.

## ಈ ಗುರುತು ಕಂಡರೆ ಅಲ್ಲೇ ನಿಲ್ಲಿ

ಬಂದ ಫೋನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ "ಫ್ರೀನಾ?" ಅಂತ ಕೇಳುತ್ತಿದ್ದರೆ ನಿಮ್ಮ ಸ್ಟೇಟಸ್‌ನಲ್ಲೋ ಕಾರ್ಡ್‌ನಲ್ಲೋ "ಉಚಿತ" ಅನ್ನುವ ಶಬ್ದ ಎಲ್ಲೋ ಕೂತಿದೆ. ತೆಗೆಯಿರಿ.

ಕೊಟೇಶನ್ ಕೊಟ್ಟ ಹತ್ತರಲ್ಲಿ ಒಂದೂ ಕೆಲಸ ಆಗಲಿಲ್ಲ ಅಂದರೆ ತೊಂದರೆ ರೇಟ್‌ನಲ್ಲಿ ಇರಲಿಕ್ಕಿಲ್ಲ. ಹಂತ 2 ಬಿಟ್ಟು ಮಾಳಿಗೆ ಹತ್ತುತ್ತಿದ್ದೀರಿ.

ಹಳೆ ಗಿರಾಕಿ ಫೋನ್ ಎತ್ತುತ್ತಿಲ್ಲವಾ? ಹೊಸ ಮನೆ ಹುಡುಕುವುದು ಬಿಟ್ಟು ಮೊದಲು ಅಲ್ಲಿಗೆ ಹೋಗಿ. ಮೀಟರ್ ಕೂತಿಲ್ಲ, ಸಬ್ಸಿಡಿ ಬಂದಿಲ್ಲ, ಸೋರುತ್ತಿದೆ, ಏನೋ ಒಂದು ಆಗಿರುತ್ತದೆ.

ಒಬ್ಬನೇ ಏಜೆಂಟ್ ಅರ್ಧಕ್ಕಿಂತ ಜಾಸ್ತಿ ಕೆಲಸ ತರುತ್ತಿದ್ದರೆ ಖುಷಿ ಪಡಬೇಡಿ. ಅವನು ಗಿರಾಕಿಗಳಿಗೆ ಏನು ಹೇಳಿ ಒಪ್ಪಿಸುತ್ತಿದ್ದಾನೆ ಅಂತ ಒಮ್ಮೆ ಜೊತೆಗೆ ಹೋಗಿ ಕೂತು ಕೇಳಿ. ನನ್ನ ಕೈಕೆಳಗಿನ ಒಬ್ಬ "ಸಬ್ಸಿಡಿ ದುಡ್ಡು ನಾವೇ ಮೊದ್ಲ ಹಾಕ್ತೇವ್ರಿ" ಅಂತ ನಾಲ್ಕು ಮನೆಗೆ ಹೇಳಿದ್ದ. ಆ ನಾಲ್ಕು ಮನೆಗೆ ನಾನೇ ಹೋಗಿ ಅಡ್ವಾನ್ಸ್ ವಾಪಸ್ ಕೊಟ್ಟು ಬಂದೆ. ಒಂದು ಮನೆಯವರು ಅದೇ ಅಡ್ವಾನ್ಸನ್ನು ಮುಂದಿನ ತಿಂಗಳು ಮತ್ತೆ ತಂದುಕೊಟ್ಟರು.